ಪದ್ಮಲತಾ ಟೀಚರ ನಾಲ್ಕು ಹಲ್ಲು

ಶಿರ್ತಾಡಿಯ ಶಾಲೆಯಲ್ಲಿ ಒಂದನೆಯ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಪದ್ಮಲತಾ ಟೀಚರಿಗೆ ಹೆದರಿಕೆ ಜಾಸ್ತಿ. ಹಾವಿಗೆ, ಸಿಡಿಲಿಗೆ ಹೆದರುವುದು ಎಲ್ಲರಿಗೂ ಇದ್ದದ್ದೇ. ಇವಳು ಇನ್‌ಸ್ಪೆಕ್ಟರು ಬರುವ ಒಂದು ತಿಂಗಳ ಮೊದಲೇ ಹೆದರಲು ಶುರುಮಾಡುವವಳು. ಅವರು ಬಂದು, ಹಾಜರಿ ಪುಸ್ತಕ ನೋಡಿ, ಎಳನೀರು ಕುಡಿದು ಹೋದ ಮೇಲೂ ಏನೋ ಬರೆದುಕೊಂಡು ಹೋದರಲ್ಲ ಎಂದು ಇನ್ನೊಂದು ತಿಂಗಳು ಹೆದರುವವಳು. ಮಕ್ಕಳಿಗೆ ಮಾತ್ರ ಅವಳ ಮೇಲೆ ಹೆದರಿಕೆ ಇರಲಿಲ್ಲ. ಅವಳು ಬೆತ್ತ ಹಿಡಿದರೆ ಅವು ನಗುತ್ತಿದ್ದವು.

ಆದರೆ ಐವತ್ತೇಳನೆಯ ಇಸವಿಯ ಮಳೆಗಾಲದ ಆಟಿ ತಿಂಗಳಲ್ಲಿ ಅವಳಿಗೆ ಹಿಡಿದ ಹೆದರಿಕೆ ಈ ಜಾತಿಯದ್ದಲ್ಲ. ಗಂಡ ವಿಮಲಕುಮಾರ ಬೆಳ್ತಂಗಡಿಯ ತಾಲೂಕು ಆಫೀಸಿನಲ್ಲಿ ಗುಮಾಸ್ತ. ವಾರವಿಡೀ ಅಲ್ಲೇ ಒಂದು ಕೋಣೆಯಲ್ಲಿದ್ದು ಶನಿವಾರ ಮನೆಗೆ ಬರುವವನು. ಆ ಸಲ ಶನಿವಾರ ಬರುವ ಮೊದಲೇ ಅವನನ್ನು ಜನ ಬಸ್ಸಿನಲ್ಲಿ ಮಲಗಿಸಿ ತಂದರು. ವಿಷಮಶೀತಜ್ವರ. ಹದಿನೇಳನೆಯ ದಿನ ಅವನು ಹೆಂಡತಿಯ ಮುಖ ನೋಡಿ, "ನೀವು ಯಾರು? ಅರ್ಜಿ ಬರೆದು ತಂದಿದ್ದೀರಾ?" ಎಂದು ಕೇಳಿದ. ಪದ್ಮಲತಾ ಅಲ್ಲಿಂದ ನೇರ ದೇವರ ಕೋಣೆಗೆ ಹೋಗಿ ಕೂತಳು.

ಜಿನನಲ್ಲಿ ಬೇಡಬಾರದು, ಕೊಡುವುದು ತೆಗೆಯುವುದು ಅವನ ಕೆಲಸವಲ್ಲ ಎಂದು ಜೈನರ ಮನೆಯ ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಗೊತ್ತಿದ್ದೇ ಅವಳು ಜಿನನ ಸೇವೆಯ ಯಕ್ಷಿ ಪದ್ಮಾವತಿ ಅಮ್ಮನ ಕಡೆ ತಿರುಗಿದಳು. ದೊಡ್ಡವರನ್ನು ಕೇಳಲಾಗದ್ದನ್ನು ಅವರ ಹತ್ತಿರದವರಲ್ಲಿ ಕೇಳುವುದು ಲೋಕದಲ್ಲಿ ಇರುವ ಕ್ರಮವೇ. "ಇವರನ್ನು ಉಳಿಸಿಕೊಡು. ಮುಂದಿನ ಆಟಿಯವರೆಗೆ ಹಸಿರು ಮುಟ್ಟುವುದಿಲ್ಲ," ಎಂದಳು. ಅಷ್ಟಮಿ, ಚತುರ್ದಶಿಗೆ ಹಸಿರು ಬಿಡುವುದು ಅವರ ಮನೆಗಳಲ್ಲಿ ಯಾವಾಗಲೂ ಇದ್ದದ್ದು. ಇವಳು ವರ್ಷಕ್ಕೇ ಬಿಟ್ಟಳು. ಸೊಪ್ಪಿಲ್ಲ, ತರಕಾರಿಯಿಲ್ಲ, ಹಣ್ಣಿಲ್ಲ, ವೀಳ್ಯದೆಲೆಯಿಲ್ಲ, ಲಿಂಬೆಯ ಹನಿ ಕೂಡ ಇಲ್ಲ. ಗಡ್ಡೆಗೆಣಸು ಹೇಗೂ ಮೊದಲೇ ಇರಲಿಲ್ಲ. ಉಪ್ಪಿನಕಾಯಿಯಲ್ಲಿ ಜೀವ ಹುಟ್ಟುತ್ತದೆಂದು ಅದನ್ನೂ ಬಿಟ್ಟಳು.

ಇಪ್ಪತ್ತೊಂದನೆಯ ದಿನ ವಿಮಲಕುಮಾರನ ಜ್ವರ ಬಿಟ್ಟಿತು. ಅವನು ಎದ್ದು ಕೂತು ಗಂಜಿ ಕೇಳಿದ. ಪದ್ಮಲತಾ ಅಡುಗೆಕೋಣೆಯ ಬಾಗಿಲ ಹಿಂದೆ ನಿಂತು ಅತ್ತಳು. ಹರಕೆಯ ಮಾತು ಮಾತ್ರ ಗಂಡನಿಗೆ ಹೇಳಲಿಲ್ಲ. ವ್ರತ ಹಿಡಿದಿದ್ದೇನೆ ಎಂದಳು ಅಷ್ಟೇ. ಯಾಕೆ ಎಂದು ಅವನೂ ಕೇಳಲಿಲ್ಲ. ಜೈನರ ಮನೆಯಲ್ಲಿ ವ್ರತ ಯಾಕೆ ಎಂದು ಕೇಳುವುದು, ಮಳೆಗಾಲದಲ್ಲಿ ಕೊಡೆ ಯಾಕೆ ಎಂದು ಕೇಳಿದ ಹಾಗೆ. ಅತ್ತೆಯಂತೂ ಬಂದವರ ಮುಂದೆಲ್ಲ, "ನಮ್ಮ ಸೊಸೆ ಹಸಿರು ಬಿಟ್ಟಿದ್ದಾಳೆ, ಒಂದು ವರ್ಷಕ್ಕೆ," ಎಂದು ಹೇಳಿ ಹೇಳಿ ಊರಿಗೆಲ್ಲ ಗೊತ್ತುಮಾಡಿದರು.

ಹೀಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಮುಂದೆ ಯಾರ ತಲೆಗೂ ಹೊಳೆಯಲಿಲ್ಲ.

ಕುಚ್ಚಲಕ್ಕಿ ಗಂಜಿ, ತೊಗರಿಬೇಳೆಯ ಸಾರು, ಉದ್ದಿನ ಹಪ್ಪಳ, ಕಾಯಿಸಿದ ಹಾಲು, ಕೊಬ್ಬರಿ ಚೂರು. ಇಷ್ಟರಲ್ಲಿ ನವರಾತ್ರಿ ಕಳೆಯಿತು. ಆಗಲೂ ಕೊಬ್ಬರಿಯನ್ನು ಹಲ್ಲಿನಲ್ಲೇ ಕಟಕಟ ಕಡಿಯುತ್ತಿದ್ದಳು. ದೀಪಾವಳಿ ಕಳೆದು ಒಂದು ವಾರವಾಗಿರಬೇಕು, ಬೆಳಿಗ್ಗೆ ಉಮಿಕರಿಯಲ್ಲಿ ಹಲ್ಲು ಉಜ್ಜಿ ಉಗಿದಾಗ ಕಪ್ಪಿನ ಜೊತೆ ಕೆಂಪು ಬಂತು. ಉಮಿಕರಿ ಎಂದರೆ ಭತ್ತದ ಹೊಟ್ಟು ಸುಟ್ಟ ಮಸಿ. ಒರಟು ಬಿದ್ದಿರಬೇಕೆಂದುಕೊಂಡು ಜರಡಿ ಹಿಡಿದಳು. ಮರುದಿನವೂ ಬಂತು. ಸರಿಯಾಗಿ ಉಜ್ಜದೆ ಹೀಗಾಗಿದೆ ಎಂದು ಗಟ್ಟಿಯಾಗಿ ಉಜ್ಜಿದಳು. ಉಜ್ಜಿದಷ್ಟೂ ರಕ್ತ ಹೆಚ್ಚಿತು.

ಆಮೇಲೆ ವಸಡು ಊದಿತು. ನೇರಳೆ ಹಣ್ಣು ತಿಂದ ಬಾಯಿಯ ಬಣ್ಣ ಬಂತು. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆಯಿಂದ ತಳ್ಳಿದರೆ ಅಲ್ಲಾಡುತ್ತಿದ್ದವು. ಬಾಯಿಯ ವಾಸನೆ ತನಗೇ ಗೊತ್ತಾಗಿ ಮಕ್ಕಳ ಸ್ಲೇಟು ತಿದ್ದುವಾಗ ಸೆರಗು ಬಾಯಿಗೆ ಹಿಡಿಯತೊಡಗಿದಳು. ಮೊಣಕಾಲು ನೋವು. ಶಾಲೆಯ ದಾರಿಯಲ್ಲಿ ಮೊದಲು ನಿಲ್ಲದೆ ಹತ್ತುತ್ತಿದ್ದ ದರೆಯಲ್ಲಿ ಎರಡು ಕಡೆ ಕೂರಬೇಕಾಯಿತು. ಅತ್ತೆ ಉಷ್ಣ ಎಂದರು. ಜೀರಿಗೆ ಕಷಾಯ, ಮೆಂತೆ ನೀರು ಎಲ್ಲ ಆಯಿತು. ಪದ್ಮಲತಾ ಕನ್ನಡಿ ಹಿಡಿದು ಜಗಲಿಯ ಬೆಳಕಿನಲ್ಲಿ ತುಟಿ ಎತ್ತಿ ನೋಡುತ್ತಿದ್ದಳು, ಹೆದರಿ ಕನ್ನಡಿ ಕವುಚಿ ಇಡುತ್ತಿದ್ದಳು, ಮತ್ತೆ ಐದು ನಿಮಿಷಕ್ಕೆ ಎತ್ತಿಕೊಳ್ಳುತ್ತಿದ್ದಳು.

ಶನಿವಾರ ಬಂದ ಗಂಡ ಬಾಯಿ ನೋಡಿ ಬೆಚ್ಚಿದ. "ಇಷ್ಟಾಗುವವರೆಗೆ ಸುಮ್ಮನಿದ್ದದ್ದಾ ನೀನು? ಬಂಟ್ವಾಳಕ್ಕೆ ಗುರುವಾರ ಗುರುವಾರ ಮಂಗಳೂರಿಂದ ಹಲ್ಲಿನ ಡಾಕ್ಟ್ರು ಬರ್ತಾರೆ. ಸುಧಾಕರ ಡಾಕ್ಟ್ರು ಅಂತ, ಮದ್ರಾಸಿನಲ್ಲಿ ಕಲಿತವರು. ಅವರು ಹೇಳಿದ್ದು ಕೇಳು, ಹೇಳಿದ ಹಾಗೆ ಮಾಡು," ಎಂದ.

ಹೇಳಿದ ಹಾಗೆ ಮಾಡುವುದು ಪದ್ಮಲತಾಳಿಗೆ ಕಷ್ಟದ ಕೆಲಸವಲ್ಲ. ಹುಟ್ಟಿದಂದಿನಿಂದ ಅದನ್ನೇ ಮಾಡಿಕೊಂಡು ಬಂದವಳು. ಗುರುವಾರ ಶಾಲೆಗೆ ರಜೆ ಬರೆದು, ಮೂಡುಬಿದಿರೆಗೆ ಹೋಗಿ, ಅಲ್ಲಿಂದ ಬಂಟ್ವಾಳದ ಬಸ್ಸು ಹತ್ತಿದಳು.

ಪೇಟೆಬೀದಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಡಾಕ್ಟರರ ಕೋಣೆ. ಹೊರಗೆ ಒಂದು ಬೆಂಚು. ಅದರಲ್ಲಿ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಬ್ಯಾರಿ ಮುಸಲ್ಮಾನ ಹೆಂಗಸು ಕೂತಿದ್ದಳು. ವಾಮದಪದವಿನ ರುಖಿಯಮ್ಮ. ಐವತ್ತು ದಾಟಿದವಳು, ಹಲ್ಲು ನೋವಿನಲ್ಲೂ ಬಾಯಿ ಮುಚ್ಚದವಳು. ಇಬ್ಬರ ಮಾತು ತುಳುವಿನಲ್ಲಿ ಸಾಗಿತು. "ನನ್ನದು ಹತ್ತು ವರ್ಷದ ಕಾಯಿಲೆ ಟೀಚರಮ್ಮಾ," ಎಂದಳು ರುಖಿಯಮ್ಮ, ಪಂಚಾಯತಿಯಲ್ಲಿ ಬಹುಮಾನ ಬಂದವರ ಹಾಗೆ. "ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಎಲ್ಲ ಕೀಳಬೇಕಂತೆ. ಕೀಳಲಿ. ತೊಂದರೆ ಕೊಡುವ ಅಳಿಯನನ್ನು ಇಟ್ಟುಕೊಳ್ಳಬಹುದು, ಹಲ್ಲನ್ನು ಇಟ್ಟುಕೊಳ್ಳಲಿಕ್ಕಾಗುವುದಿಲ್ಲ."

ಮೊದಲು ಅವಳು ಒಳಗೆ ಹೋಗಿ ನಾಲ್ಕು ಹಲ್ಲು ಕೀಳಿಸಿಕೊಂಡು ಬಂದಳು. ಆಮೇಲೆ ಡಾಕ್ಟರು ಪದ್ಮಲತಾಳನ್ನು ಕರೆದರು. ನಲವತ್ತರ ಒಳಗಿನವರು, ಬಿಳಿ ಕೋಟು, ಮೆಲ್ಲಗಿನ ಮಾತು. ಬಾಯಿ ತೆರೆಸಿ, ಕನ್ನಡಿ ಹಾಕಿ, ಎರಡು ಹಲ್ಲು ಅಲ್ಲಾಡಿಸಿ, ಕೈ ತೊಳೆದುಕೊಂಡರು. ಎಲ್ಲ ಸೇರಿ ಎರಡು ನಿಮಿಷ.

"ಪಯೋರಿಯಾ," ಎಂದರು. "ವಸಡು ಕೊಳೆಯುವ ರೋಗ. ಎಂಟು ಹತ್ತು ವರ್ಷದಿಂದ ಒಳಗೆ ಬೆಳೆದಿರ್ತದೆ. ಈ ವಿಷ ದಿನಾ ಹೊಟ್ಟೆಗೆ ಹೋಗ್ತದೆ, ರಕ್ತಕ್ಕೆ ಸೇರ್ತದೆ. ಆಯಾಸ ಉಂಟಾ? ಗಂಟುನೋವು ಉಂಟಾ?"

"ಉಂಟು," ಎಂದಳು ಪದ್ಮಲತಾ. ಇವರಿಗೆ ಹೇಗೆ ಗೊತ್ತಾಯಿತು?

"ನೋಡಿ. ಹೀಗೇ ಬಿಟ್ರೆ ಮುಂದೆ ಹೃದಯಕ್ಕೆ. ಹಲ್ಲು ಎಲ್ಲ ತೆಗೀಬೇಕು. ವಾರಕ್ಕೆ ನಾಲ್ಕರ ಹಾಗೆ ತೆಗೆಯುವ. ಆಮೇಲೆ ಕಟ್ಟಿಸಿದ ಹಲ್ಲು."

ಮೂವತ್ತಮೂರು ವರ್ಷದವಳಿಗೆ ಕಟ್ಟಿಸಿದ ಹಲ್ಲು. ಅವಳಿಗೆ ಒಂದು ಮಾತು ಹೇಳಬೇಕೆನಿಸಿತು. "ನವರಾತ್ರಿಗೆ ಸರಿ ಇತ್ತು ಡಾಕ್ಟ್ರೇ..." ಎಂದು ಶುರುಮಾಡಿದಳು.

"ಗೊತ್ತಾಗುವುದಿಲ್ಲ ಅಮ್ಮ. ಮೆಲ್ಲಗೆ ಬೆಳೆಯುವ ರೋಗ."

ಗೊತ್ತಾಗುವುದಿಲ್ಲ ಎಂದ ಮೇಲೆ ಮುಗಿಯಿತು. ಪದ್ಮಲತಾ ತಲೆ ಆಡಿಸಿದಳು. ವೈದ್ಯೋ ನಾರಾಯಣೋ ಹರಿಃ ಎಂದು ಅವಳ ಅಜ್ಜ ಹೇಳುತ್ತಿದ್ದರು. ನಾರಾಯಣನನ್ನು ಎರಡನೆಯ ಪ್ರಶ್ನೆ ಕೇಳಬಹುದು ಎಂದು ಅಜ್ಜ ಹೇಳಿಕೊಟ್ಟಿರಲಿಲ್ಲ. ಅಲ್ಲದೆ ಡಾಕ್ಟರು ಹೇಳಿದ್ದೆಲ್ಲ ಹೊಂದಿಕೊಳ್ಳುತ್ತಿತ್ತಲ್ಲ, ಆಯಾಸ ಕೂಡ, ಮೊಣಕಾಲು ಕೂಡ. ಸೂಜಿ ಚುಚ್ಚಿದರು. ಕೆಳಗಿನ ಮುಂದಿನ ನಾಲ್ಕು ಹಲ್ಲು ಹೆಚ್ಚು ಎಳೆಸಿಕೊಳ್ಳದೆ ಬಂದವು.

ಮೇಜಿನ ಮೇಲಿನ ಬಸಿಯಲ್ಲಿ ಆಗಲೇ ರುಖಿಯಮ್ಮನ ನಾಲ್ಕು ಹಲ್ಲು ಇದ್ದವು. ಪಕ್ಕದಲ್ಲಿ ಇವಳದ್ದನ್ನು ಹಾಕಿದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಪದ್ಮಲತಾ ಅದನ್ನೇ ನೋಡಿದಳು. ರುಖಿಯಮ್ಮನ ಹಲ್ಲುಗಳ ಸುತ್ತ, ಬೇರಿನವರೆಗೂ, ಕಪ್ಪು ಕಲ್ಲು ಕಟ್ಟಿತ್ತು. ಇವಳ ಹಲ್ಲುಗಳು ಬುಡದವರೆಗೆ ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು. ಒಂದೇ ರೋಗವಾದರೆ ಹೀಗೆ ಯಾಕೆ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ತಲೆ ತಿರುಗಿತು, ಅದು ಮರೆತುಹೋಯಿತು.

ರಕ್ತ ಮೂರು ದಿನ ನಿಲ್ಲಲಿಲ್ಲ. ನಾಲ್ಕನೆಯ ದಿನ ನಿಂತ ಹಾಗಾಗಿ ಐದನೆಯ ದಿನ ಮತ್ತೆ ಬಂತು. ಎರಡನೆಯ ಗುರುವಾರ ಏಳಲಾಗದೆ ಮಲಗಿದಳು. ಅದರ ಮರುದಿನ ಶಾಲೆಗೆ ಹೋಗಿ "ತ, ಥ, ದ, ಧ" ಎಂದು ಹೇಳಿಕೊಡುವಾಗ ಅಕ್ಷರದ ಬದಲು ಗಾಳಿ ಹೊರಟಿತು. ಮಕ್ಕಳು ಅದನ್ನೇ ಪಾಠವೆಂದುಕೊಂಡು ಒಟ್ಟಿಗೆ ಗಾಳಿ ಬಿಟ್ಟವು. ಅವಳಿಗೆ ನಗು ಬರಲಿಲ್ಲ. ಉಳಿದ ಹಲ್ಲುಗಳನ್ನು ನಾಲಿಗೆಯಿಂದ ಒಂದೊಂದೇ ಮುಟ್ಟಿ ಲೆಕ್ಕ ಹಾಕಿದಳು. ಎಲ್ಲ ಹೋದರೆ ಕೆಲಸ ಉಳಿಯುತ್ತದೆಯೇ? ಹಲ್ಲು ಹೋಗಲಿ, ಹೃದಯಕ್ಕೆ ಹೋದ ವಿಷ? ತಾನು ಸತ್ತರೆ ಇವರಿಗೆ ಗಂಜಿ ಯಾರು ಬೇಯಿಸುತ್ತಾರೆ? ಇನ್ನೊಬ್ಬಳು ಬರುತ್ತಾಳೆ, ಮತ್ತೆ ಯಾರು. ಆ ಇನ್ನೊಬ್ಬಳ ಹಲ್ಲು ಚೆನ್ನಾಗಿರುತ್ತದೆ ಎಂದೂ ಅನಿಸಿ ಕಣ್ಣಲ್ಲಿ ನೀರು ಬಂತು.

ಮೂರನೆಯ ಗುರುವಾರ ಮತ್ತೆ ಅದೇ ಬೆಂಚು. ರುಖಿಯಮ್ಮ ಮೊದಲೇ ಬಂದು ಕೂತಿದ್ದಳು. ಕೆನ್ನೆಯ ಬಟ್ಟೆ ಇರಲಿಲ್ಲ, ಮುಖದಲ್ಲಿ ಕಳೆ ಬಂದಿತ್ತು.

"ನೀವು ಯಾಕೆ ಹೀಗೆ ಬಾಡಿದ್ದು? ನನ್ನದು ನೋಡಿ." ರುಖಿಯಮ್ಮ ಬಾಯಿ ತೆರೆದು ತೋರಿಸಿದಳು. ಹಲ್ಲು ಕಿತ್ತ ಜಾಗ ಮುಚ್ಚಿ ಗುಲಾಬಿ ಬಣ್ಣಕ್ಕೆ ಬಂದಿತ್ತು. "ಮೂರನೇ ದಿನಕ್ಕೆ ಮೀನು ಸಾರು ಉಂಡಿದ್ದೇನೆ. ಹೋದ ವಾರ ಇನ್ನು ನಾಲ್ಕು ತೆಗ್ದರು, ಅದೂ ಒಣಗಿತು. ನಿಮ್ಮದು?"

ಪದ್ಮಲತಾ ಸೆರಗು ತೆಗೆದಳು. ರುಖಿಯಮ್ಮನ ನಗು ನಿಂತಿತು.

"ಇದು ಇವತ್ತಿನ ಗಾಯದ ಹಾಗೆ ಉಂಟಲ್ಲ! ಹದಿನಾಲ್ಕು ದಿನ ಆಯಿತು ಮಾರಾಯ್ತಿ. ಒಂದೇ ದಿವಸ, ಒಂದೇ ಡಾಕ್ಟ್ರು, ಒಂದೇ ಇಕ್ಕುಳ. ನಾನು ಹತ್ತು ವರ್ಷ ಕೊಳೆತವಳು, ನನಗೆ ಒಣಗಿತು. ನಿಮಗೆ ಯಾಕೆ ಇಲ್ಲ?"

ಪದ್ಮಲತಾಳಿಗೆ ಬಸಿಯಲ್ಲಿದ್ದ ಎಂಟು ಹಲ್ಲು ನೆನಪಾದವು. ರುಖಿಯಮ್ಮ ಬಗ್ಗಿ ಅವಳ ಕಾಲು ನೋಡುತ್ತಿದ್ದಳು. ಬೆಂಚು ತಗ್ಗು, ಸೀರೆ ಸ್ವಲ್ಪ ಮೇಲೆ ಸರಿದಿತ್ತು. ಕಣಕಾಲಿನ ಮೇಲೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ. ಅದರ ಮೇಲೆ ಅಂಗೈಯಗಲ ನೀಲಿ.

"ಇದು ಎಲ್ಲಿ ಪೆಟ್ಟಾದ್ದು?"

"ಎಲ್ಲೂ ಇಲ್ಲ. ಶಾಲೆಯ ಬೆಂಚು ತಾಗಿರಬೇಕು."

"ಎರಡು ಕಾಲಿಗೂ ತಾಗಿತಾ?" ರುಖಿಯಮ್ಮ ಇನ್ನೂ ಹತ್ತಿರ ಸರಿದು, ದನಿ ಇಳಿಸಿದಳು. "ಟೀಚರಮ್ಮಾ, ಬೇಜಾರು ಮಾಡಬೇಡಿ. ನೀವು ಎಂತ ಉಣ್ಣುವುದು?"

ಇದೆಂಥ ಪ್ರಶ್ನೆ! ಮೀನು ತಿನ್ನುವವಳ ಮುಂದೆ ತನ್ನ ವ್ರತದ ಮಾತೆತ್ತಲು ಪದ್ಮಲತಾಳಿಗೆ ಸಂಕೋಚ. ಗಂಜಿ, ಬೇಳೆ ಎಂದು ಹೇಳಿ ನಿಲ್ಲಿಸಿದಳು. "ಮತ್ತೆ?" ಎಂದಳು ರುಖಿಯಮ್ಮ. ಹಪ್ಪಳ. "ಮತ್ತೆ? ಪಲ್ಯ? ಹಣ್ಣು? ಉಪ್ಪಿನಕಾಯಿ?" ಕೊನೆಗೆ ಹೇಳಲೇಬೇಕಾಯಿತು. ಆಟಿಯಿಂದ ಈಚೆಗೆ ಹಸಿರು ನಾಲಿಗೆಗೆ ತಾಗಿಲ್ಲ.

ರುಖಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನನ್ನ ಯಜಮಾನರು, ಹಾಜಬ್ಬ ಅಂತ, ಪ್ರಾಯದಲ್ಲಿ ಮಂಜಿಯಲ್ಲಿ ಹೋದವರು," ಎಂದಳು. ಮಂಜಿ ಎಂದರೆ ಮಂಗಳೂರ ಬಂದರದಿಂದ ಹಾಯಿ ಬಿಚ್ಚಿ ಅರಬ್ಬಿನವರ ಊರಿಗೆ ಹೋಗುವ ದೊಡ್ಡ ಹಡಗು. "ಒಂದು ಸಲ ಗಾಳಿ ಸಿಗದೆ, ಅಲ್ಲಿ ಇಲ್ಲಿ ನಿಂತು, ಆರು ತಿಂಗಳು. ಅಕ್ಕಿ, ಬೇಳೆ, ಒಣ ಮೀನು. ಹಸಿ ಅನ್ನುವುದು ಇಲ್ಲ. ಬಾಯಿ ಎಲ್ಲ ಹೀಗೇ ಆಯಿತಂತೆ. ವಸಡು ಉಬ್ಬಿ ಹಲ್ಲಿನ ಮೇಲೆ ಬಂತು. ಕಾಲಲ್ಲಿ ಇದೇ ಚುಕ್ಕೆ, ಇದೇ ನೀಲಿ. ಇಬ್ಬರು ಸತ್ತರು. ದಡಕ್ಕೆ ಬಂದಾಗ ಮುದಿ ಸಾರಂಗ, ಖಲಾಸಿಗಳ ಮೇಸ್ತ್ರಿ, ಒಂದು ಬುಟ್ಟಿ ಲಿಂಬೆ ತರಿಸಿ ಎಲ್ಲರ ಬಾಯಿಗೆ ಹಿಂಡಿದನಂತೆ. ವಾರದಲ್ಲಿ ಎದ್ದು ನಡೆದಿದ್ದಾರೆ. ಈಗಲೂ ನಮ್ಮ ಮನೆಯಲ್ಲಿ ಲಿಂಬೆ ಇಲ್ಲದೆ ಅವರು ಊಟಕ್ಕೆ ಕೂರುವುದಿಲ್ಲ. ಆ ಹಲ್ಲೆಲ್ಲ ಬಾಯಲ್ಲೇ ಉಂಟು."

ಸತ್ತರು ಎಂಬ ಮಾತೊಂದೇ ಪದ್ಮಲತಾಳ ಕಿವಿಯಲ್ಲಿ ಉಳಿಯಿತು. ಒಳಗಿನಿಂದ ಡಾಕ್ಟರು, "ಶಿರ್ತಾಡಿಯವರು ಬನ್ನಿ," ಎಂದರು.

"ಕೇಳಿ," ಎಂದಳು ರುಖಿಯಮ್ಮ. "ಹೋಗಿ ಕೇಳಿ. ಇಲ್ಲದಿದ್ದರೆ ನಾನು ಬಂದು ಕೇಳ್ತೇನೆ."

ಅವಳು ಬಂದು ಕೇಳಿದರೆ ಪೇಟೆಗೆಲ್ಲ ಕೇಳಿಸುತ್ತದೆ ಎಂಬ ಹೆದರಿಕೆಯೇ ಪದ್ಮಲತಾಳಿಗೆ ಧೈರ್ಯ ಕೊಟ್ಟದ್ದು. ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು. ಡಾಕ್ಟರು ವಸಡು ನೋಡಿ ನಾಲಿಗೆ ಲೊಚಗುಟ್ಟಿದರು. "ನೋಡಿದಿರಾ, ರೋಗ ಎಷ್ಟು ಬಲ ಉಂಟು ಅಂತ. ಗಾಯವೇ ಮಾಯಲಿಲ್ಲ. ಇವತ್ತು ಆರು ತೆಗೆಯುವ, ತಡ ಮಾಡುವುದು ಬೇಡ," ಎಂದು ಸೂಜಿ ಕೈಗೆ ತೆಗೆದುಕೊಂಡರು.

"ಇವತ್ತು ತೆಗೀಬೇಡಿ ಡಾಕ್ಟ್ರೇ."

ತನ್ನ ದನಿ ತನಗೇ ಗುರುತಾಗಲಿಲ್ಲ. ಡಾಕ್ಟರು ಸೂಜಿ ಕೆಳಗಿಟ್ಟು, "ಹೆದರಿಕೆ ಬೇಡ. ಹೋದ ಸಲ ನೋವಾಯಿತಾ?" ಎಂದರು.

"ನೋವಿನದ್ದಲ್ಲ. ಹತ್ತು ವರ್ಷದ ರೋಗ ಅಂದಿರಿ. ನವರಾತ್ರಿಗೆ ನಾನು ಕೊಬ್ಬರಿ ಕಡಿದಿದ್ದೇನೆ. ಹೊರಗೆ ಕೂತಿದ್ದಾರಲ್ಲ, ಅವರ ಹಲ್ಲಲ್ಲಿ ಕಲ್ಲು ಉಂಟು, ನನ್ನದರಲ್ಲಿ ಇಲ್ಲ. ಅವರಿಗೆ ಗಾಯ ಒಣಗಿತು, ನನಗೆ ಒಣಗಲಿಲ್ಲ. ಎರಡೂ ಒಂದೇ ರೋಗ ಹೌದಾ?"

ಡಾಕ್ಟರರ ಮುಖ ಬಿಗಿಯಿತು. "ನಿಮಗೆ ಯಾರು ಹೇಳಿದ್ದು ಇದೆಲ್ಲ? ಪ್ರತಿ ದಿನ ಇಂಥ ಬಾಯಿ ನೋಡುವವನು ನಾನು. ನಿಮಗೆ ನಂಬಿಕೆ ಇಲ್ಲದಿದ್ದರೆ ಮಂಗಳೂರಿಗೆ ಹೋಗಬಹುದು."

ಇದಾದರೆ ಅವಳು ಎದ್ದು ಕ್ಷಮೆ ಕೇಳುವ ಜಾಗ. ಬೇರೆ ದಿನವಾದರೆ ಕೇಳಿ, ಆರು ಹಲ್ಲು ಕೊಟ್ಟು ಬರುತ್ತಿದ್ದಳು. ಇವತ್ತು ಸೀರೆಯ ಅಂಚನ್ನು ಕಣಕಾಲಿನಿಂದ ನಾಲ್ಕು ಬೆರಳು ಮೇಲೆತ್ತಿದಳು. ಪರಗಂಡಸಿನ ಮುಂದೆ ಅವಳು ಎಂದೂ ಮಾಡದ ಕೆಲಸ ಅದು. "ಇದೂ ಹಲ್ಲಿನದ್ದಾ?" ಎಂದಳು. "ನಾನು ಆಟಿಯಿಂದ ಹಸಿರು ಬಿಟ್ಟಿದ್ದೇನೆ. ಸೊಪ್ಪು, ಹಣ್ಣು, ಲಿಂಬೆ, ಯಾವುದೂ ಇಲ್ಲ."

ಡಾಕ್ಟರು ಬಗ್ಗಿ ನೋಡಿದರು. ಕಿಟಕಿಯ ಬೆಳಕಿಗೆ ಕುರ್ಚಿ ತಿರುಗಿಸಿ ಇನ್ನೊಮ್ಮೆ ನೋಡಿದರು. ನೀಲಿಯ ಮೇಲೆ ಬೆರಳಿಟ್ಟು ಒತ್ತಿದರು. ಆಮೇಲೆ ಕಪಾಟಿನಿಂದ ಇಟ್ಟಿಗೆ ದಪ್ಪದ ಒಂದು ಪುಸ್ತಕ ತೆಗೆದು, ಹಾಳೆ ಮಗುಚಿ, ನಿಂತೇ ಓದಿದರು. ಓದಿ ಮುಗಿಸಿದವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ಸ್ಕರ್ವಿ," ಎಂದರು. "ಹಸಿ ಹಣ್ಣು ಸೊಪ್ಪು ಇಲ್ಲದೆ ಬರುವ ರೋಗ. ಪರೀಕ್ಷೆಗೆ ಓದಿದ್ದೆ. ಕಣ್ಣಿಂದ ಕಂಡದ್ದು ಇವತ್ತೇ. ನೀವು ಮೊದಲೇ ಹೇಳಬೇಕಿತ್ತಲ್ಲ ಅಮ್ಮ."

"ವ್ರತ ಅಲ್ವಾ ಡಾಕ್ಟ್ರೇ. ಕಾಯಿಲೆಗೂ ಅದಕ್ಕೂ ಸಂಬಂಧ ಉಂಟು ಅಂತ ಗೊತ್ತಿರಲಿಲ್ಲ."

"ಹೌದು. ನಾನು ಕೇಳಬೇಕಿತ್ತು." ಅವರು ಬಸಿಯ ಕಡೆ ನೋಡಿದರು. ಬಸಿ ಖಾಲಿಯಿತ್ತು. "ಆ ನಾಲ್ಕು ಹಲ್ಲು ನಾನು ತೆಗೆಯಬಾರದಿತ್ತು. ಬಾಕಿದ್ದು ಗಟ್ಟಿ ಆಗ್ತದೆ. ದಿನಾ ಎರಡು ಲಿಂಬೆ, ಸಿಕ್ಕಿದರೆ ನೆಲ್ಲಿಕಾಯಿ, ಸೊಪ್ಪು. ಇವತ್ತಿಂದಲೇ."

"ಒಣಗಿಸಿದ ನೆಲ್ಲಿ ಆಗ್ತದಾ? ಒಣಗಿದ್ದಕ್ಕೆ ವ್ರತದಲ್ಲಿ ಅಡ್ಡಿ ಇಲ್ಲ."

"ಅದನ್ನು ನಂಬಿ ಕೂರುವ ಹಾಗಿಲ್ಲ. ಹಸಿಯೇ ಬೇಕು. ಇನ್ನು ತಡ ಮಾಡಿದರೆ ಹಲ್ಲಿನ ಮಾತಲ್ಲ, ಜೀವದ್ದು." ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. "ಹೊರಗಿನವರದ್ದು ಪಯೋರಿಯಾವೇ. ಅದರಲ್ಲಿ ಸಂಶಯ ಬೇಡ. ಅವರನ್ನು ಹೆದರಿಸಿ ಮನೆಗೆ ಕರಕೊಂಡು ಹೋಗಬೇಡಿ."

ಹೊರಗಿದ್ದವಳು ಅಷ್ಟರಲ್ಲಿ ಎದ್ದು ನಿಂತಾಗಿತ್ತು. "ನನ್ನದು ನನಗೆ ಗೊತ್ತುಂಟು ಡಾಕ್ಟ್ರೇ, ಕೀಳಿ," ಎಂದು ಒಳಗೆ ನುಗ್ಗಿದಳು.

ಬಸ್ಸಿನಲ್ಲಿ ಕೂತ ಪದ್ಮಲತಾಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ. ಲಿಂಬೆ ಕುಡಿಯದಿದ್ದರೆ ತನ್ನ ಜೀವ. ಕುಡಿದರೆ? ಒಂದು ವರ್ಷ ಎಂದು ಬಾಯಾರೆ ಹೇಳಿ ಗಂಡನನ್ನು ಬಿಡಿಸಿಕೊಂಡು ಬಂದವಳು, ಅರ್ಧ ವರ್ಷವೂ ತುಂಬದೆ ಮಾತು ಮುರಿದರೆ? ಡಾಕ್ಟರನ್ನು ಪ್ರಶ್ನೆ ಕೇಳಬಹುದು, ಡಾಕ್ಟರು ಪುಸ್ತಕ ತೆಗೆದು ನೋಡುತ್ತಾರೆ. ಪದ್ಮಾವತಿ ಅಮ್ಮನನ್ನು ಏನೆಂದು ಕೇಳುವುದು? "ನೀವು ಯಾರು? ಅರ್ಜಿ ತಂದಿದ್ದೀರಾ?" ಎಂದ ಆ ಕಣ್ಣುಗಳು ದಾರಿಯುದ್ದಕ್ಕೂ ಎದುರಿಗಿದ್ದವು.

ಮರುದಿನ ಬೆಳಿಗ್ಗೆ ದೇವರ ಕೋಣೆಯಲ್ಲಿ ಬಹಳ ಹೊತ್ತು ಕೂತು, ಕೊನೆಗೆ ಒಂದು ಲಿಂಬೆ ಹಿಂಡಿ ಕಣ್ಣು ಮುಚ್ಚಿ ಕುಡಿದಳು. ಹುಳಿಗೆ ಗಾಯವೆಲ್ಲ ಉರಿದೆದ್ದಿತು. ಆ ಉರಿ ಶಿಕ್ಷೆಯ ಲೆಕ್ಕಕ್ಕೆ ಬರಲಿ ಎಂದುಕೊಂಡಳು. ಅತ್ತೆಗೆ ಔಷಧ ಎಂದಳು. ಸೋಮವಾರ ಉಗಿದ ನೀರು ಬೆಳ್ಳಗಿತ್ತು. ಅವಳು ನಂಬದೆ ಇನ್ನೊಮ್ಮೆ ಬಾಯಿ ಮುಕ್ಕಳಿಸಿ ಉಗಿದಳು. ಬುಧವಾರದ ಹೊತ್ತಿಗೆ ಮೂರು ವಾರದಿಂದ ಮುಚ್ಚದ ಗಾಯಗಳೆಲ್ಲ ಕೂಡಿಕೊಳ್ಳತೊಡಗಿದವು. ದರೆಯಲ್ಲಿ ಒಂದೇ ಕಡೆ ಕೂತಳು. ಸಂತೋಷಪಡಲು ಹೆದರಿ, ಯಾರಿಗೂ ಹೇಳಲಿಲ್ಲ.

ಶನಿವಾರ ವಿಮಲಕುಮಾರ ಬೆಳ್ತಂಗಡಿಯಿಂದ ಬಂದ. ಜಗಲಿಯಲ್ಲಿ ಚಪ್ಪಲಿ ಬಿಡುವಾಗಲೇ, "ಸ್ವಲ್ಪ ಮೈ ಬಿಸಿ ಉಂಟು," ಎಂದ.

ಪದ್ಮಲತಾ ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು. ಹಾಸಿಗೆ ಹಾಸಿದಳು, ಕಂಬಳಿ ಹೊದಿಸಿದಳು, ಕಷಾಯ ಕೊಟ್ಟಳು. ಆಮೇಲೆ ಅಡುಗೆಕೋಣೆಗೆ ಹೋಗಿ, ಅಂದಿನ ಪಾಲಿಗೆ ಕತ್ತರಿಸಿಟ್ಟಿದ್ದ ಲಿಂಬೆಯ ಹೋಳನ್ನು ಒಲೆಗೆ ಹಾಕಿದಳು. ಭಾನುವಾರವೂ ಕುಡಿಯಲಿಲ್ಲ. ಗಂಡನ ತಲೆಯ ಬಳಿ ಕೂತು ಗಳಿಗೆಗೊಮ್ಮೆ, "ನಾನು ಯಾರು ಹೇಳಿ," ಎಂದು ಕೇಳುತ್ತಿದ್ದಳು.

ನಾಲ್ಕನೆಯ ಸಲ ಕೇಳಿದಾಗ ಅವನಿಗೆ ಸಿಟ್ಟು ಬಂತು. "ನಿನಗೆ ಎಂತ ಆದದ್ದು ಪದ್ಮ? ನೆಗಡಿ ಜ್ವರ ಇದು, ಆಫೀಸಿನಲ್ಲಿ ಎಲ್ಲರಿಗೂ ಉಂಟು. ಗುರುವಾರದಿಂದ ಮೂಗು ಸೋರ್ತಾ ಉಂಟು." ಅವಳ ಮುಖ ನೋಡಿ ಮಾತು ನಿಲ್ಲಿಸಿದ. "ಬಾಯಲ್ಲಿ ಮತ್ತೆ ರಕ್ತ ಯಾಕೆ? ಔಷಧ ಅಂತ ದಿನಾ ಲಿಂಬೆ ಕುಡೀತಿ ಅಂತ ಅಮ್ಮ ಹೇಳಿದರು, ಕುಡಿಯಲಿಲ್ಲವಾ ಇವತ್ತು?"

ಆಗ ಅವಳಿಗೆ ತಡೆಯಲಾಗಲಿಲ್ಲ. ಹದಿನೇಳನೆಯ ದಿನದ್ದು, ದೇವರ ಕೋಣೆಯದ್ದು, ಒಂದು ವರ್ಷದ್ದು ಎಲ್ಲವನ್ನೂ ಹೇಳಿದಳು. ತಾನು ಲಿಂಬೆ ಕುಡಿದದ್ದಕ್ಕೇ ಈ ಜ್ವರ ಎಂದಳು. ಇನ್ನು ಕುಡಿಯುವುದಿಲ್ಲ, ಹಲ್ಲೆಲ್ಲ ಹೋಗಲಿ, ತಾನು ಹೋದರೂ ಅಡ್ಡಿಯಿಲ್ಲ ಎಂದು ಅತ್ತಳು.

ವಿಮಲಕುಮಾರ ಕಂಬಳಿ ಹೊದ್ದುಕೊಂಡೇ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಕೋಣೆಗೆ ಹೋದ. ಅವಳು ಹಿಂದೆಯೇ ಓಡಿದಳು. ಮದುವೆಯಾದ ಮೇಲೆ ಅವನು ಮೆಟ್ಟುಕತ್ತಿಯ ಮಣೆಯ ಮೇಲೆ ಕೂತದ್ದು ಅದೇ ಮೊದಲು. ಲಿಂಬೆಯನ್ನು ಹೇಗೋ ಎರಡು ಮಾಡಿ, ಬೀಜದೊಂದಿಗೇ ಲೋಟಕ್ಕೆ ಹಿಂಡಿ, ನೀರು ಹಾಕಿ ಅವಳ ಮುಂದೆ ಹಿಡಿದ.

"ನಾನು ಸಾಯುವುದಾದರೆ ನನ್ನ ಜ್ವರದಲ್ಲೇ ಸಾಯ್ತೇನೆ," ಎಂದ. "ನೀನು ಹೀಗೆ ಒಣಗಿ ಉಳಿಸಿಕೊಟ್ಟ ಜೀವ ನನಗೆ ಬೇಡ. ಕುಡಿ. ನನ್ನ ಎದುರೇ ಕುಡಿ."

ಅವಳು ಲೋಟ ತೆಗೆದುಕೊಂಡಳು. ಅವನ ಮುಖದ ಮೇಲಿಟ್ಟ ಕಣ್ಣು ತೆಗೆಯದೆ ಒಂದು ಗುಟುಕು ಕುಡಿದಳು. ಅವನು ಬೀಳಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಅವನು ಸೀನಿದ, ಕಂಬಳಿಯ ತುದಿಯಲ್ಲಿ ಮೂಗು ಒರೆಸಿಕೊಂಡ. ಹುಳಿ ಗಾಯಕ್ಕೆ ತಾಗಿ ಅವಳ ಕಣ್ಣಲ್ಲಿ ನೀರು ತುಂಬಿ ಅವನ ಮುಖ ಮಸುಕಾಯಿತು. ಗಾಬರಿಯಿಂದ ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದಳು. ಇದ್ದ. ಲೋಟ ಬರಿದಾಗುವವರೆಗೆ ಹಾಗೆಯೇ ನೋಡುತ್ತ ಕುಡಿದಳು.

"ಹಸಿವಾಗ್ತದೆ. ಗಂಜಿ ಉಂಟಾ?" ಎಂದ ಅವನು.

ಹೆದರಿಕೆ ಹೋಗಿರಲಿಲ್ಲ. ಅದರೊಂದಿಗೇ ಎದ್ದು ಅವಳು ಇಬ್ಬರಿಗೂ ಗಂಜಿ ಬಡಿಸಿದಳು.